ಹರಕೆಯ ಹುಂಜಕ್ಕೆ ಮುಳ್ಳುಸೌತೆ

೧೦ ಜೂನ್ ೧೯೭೯, ಭಾನುವಾರ

ಪುತ್ತೂರಿನ ಜವಳಿ ಅಂಗಡಿಯವರು ಜನವರಿಯಲ್ಲಿ ಕೊಟ್ಟ ಡೈರಿ ಇದು. ಐದು ತಿಂಗಳು ಖಾಲಿ ಬಿದ್ದಿತ್ತು, ನನ್ನ ಹಾಗೆ. ಇವತ್ತಿನಿಂದ ಬರೆಯುತ್ತೇನೆ. ಯಾಕೆಂದರೆ ಇವತ್ತು ನನಗೆ ಕೆಲಸ ಸಿಕ್ಕಿದೆ.

ಬಸ್ಸಿನಲ್ಲಿ ಅಲ್ಲ. ಕೋಳಿಗೂಡಿನಲ್ಲಿ.

ಎಸ್ಸೆಸ್ಸೆಲ್ಸಿಯನ್ನು ಮೂರನೇ ಸಲಕ್ಕೆ ಪಾಸು ಮಾಡಿದ ಮಹಾಬಲ ಎಂಬ ನಾನು ಕಂಡಕ್ಟರ್ ಬ್ಯಾಡ್ಜ್ ಮಾಡಿಸಿಕೊಂಡು ಒಂದೂವರೆ ವರ್ಷವಾಯಿತು. ಬ್ಯಾಡ್ಜ್ ಚಾವಡಿಯ ಮೊಳೆಯಲ್ಲಿ ನೇತಾಡುತ್ತಿದೆ. ಪುತ್ತೂರು–ಸುಳ್ಯ ಬಸ್ಸಿನ ಧಣಿಗಳು ಪ್ರತಿ ಸಲ 'ನೋಡುವ' ಎನ್ನುತ್ತಾರೆ. ಅವರು ನೋಡುತ್ತಲೇ ಇದ್ದಾರೆ. ನಾನೂ ನಮ್ಮೂರು ಕುಂಬ್ರದ ಕಟ್ಟೆಯಲ್ಲಿ ಕುಳಿತು ಅವರ ಬಸ್ಸನ್ನು ನೋಡುತ್ತಲೇ ಇದ್ದೇನೆ. ಇದನ್ನೆಲ್ಲ ನೋಡಿ ಸಾಕಾದ ಅಮ್ಮ ಇವತ್ತು ಸಂಕಪ್ಪ ಮಾವನ ಮನೆಗೆ ಹೋಗಿ, ನಮ್ಮ ಕುಟುಂಬದ ದೈವಕ್ಕೆ ಕೈಮುಗಿದು ಹೇಳಿಕೊಂಡು ಬಂದಿದ್ದಾಳೆ. ಮಗನಿಗೆ ಬಸ್ಸಿನ ಕೆಲಸ ಆದರೆ, ಮೈಯಲ್ಲಿ ಒಂದು ಮಚ್ಚೆ ಇಲ್ಲದ ಕೆಂಪು ಹುಂಜವನ್ನು ಅಗೇಲಿಗೆ ಒಪ್ಪಿಸುತ್ತೇನೆ ಎಂದು. ಅಗೇಲು ಅಂದರೆ ದೈವಕ್ಕೆ ಬಾಳೆಲೆಯಲ್ಲಿ ಕೋಳಿಸಾರು, ರೊಟ್ಟಿ ಬಡಿಸುವುದು. ಪರಿಮಳ ದೈವಕ್ಕೆ, ಉಳಿದದ್ದು ನಮಗೆ. ನ್ಯಾಯವಾದ ಪಾಲು.

ಆ ಕೆಂಪು ಹುಂಜ ನಮ್ಮ ಹಿತ್ತಲಲ್ಲೇ ಇದೆ. ನಾಲ್ಕು ತಿಂಗಳಿನದು. ಇವತ್ತಿನಿಂದ ಅದಕ್ಕೆ ಹೊಡೆಯಬಾರದು, ಬೈಯಬಾರದು, ಎಂಜಲು ಹಾಕಬಾರದು. ಈ ಮೂರು ಸೌಲಭ್ಯಗಳಲ್ಲಿ ಒಂದೂ ನನಗೆ ಈ ಮನೆಯಲ್ಲಿ ಇದುವರೆಗೆ ಸಿಕ್ಕಿಲ್ಲ.

ಅದನ್ನು ಯಾರು ನೋಡಿಕೊಳ್ಳುವುದು ಎಂದು ಕೇಳಿದ್ದು ನನ್ನದೇ ತಪ್ಪು.

"ನಿನಗೋಸ್ಕರ ಸಾಯ್ಲಿಕ್ಕೆ ಇರುದು ಅದು. ನೀನೇ ನೋಡಿಕೊ" ಅಂದಳು ಅಮ್ಮ.

೧೩ ಜೂನ್

ಮೂರು ಹೇಂಟೆ, ಒಂದು ಹುಂಜ. ನಾನು ಗೂಡಿನ ಬಾಗಿಲು ತೆಗೆದ ಕೂಡಲೇ ನಾಲ್ಕೂ ಹಲಸಿನ ಮರದ ಬುಡಕ್ಕೆ ಓಡಿ ಅಲ್ಲಿಂದ ನನ್ನನ್ನು ನೋಡುತ್ತವೆ. ಧಣಿಗಳ ಆಫೀಸಿನಲ್ಲಿ ರೈಟರು ನನ್ನನ್ನು ನೋಡುವುದೂ ಹೀಗೆಯೇ, ಕತ್ತು ಒಂದು ಕಡೆ ವಾರೆ ಮಾಡಿ.

ತಂಗಿ ಸೀತು ಹೇಂಟೆಗಳಿಗೆಲ್ಲ ಹೆಸರಿಟ್ಟಿದ್ದಾಳೆ. ಹುಂಜಕ್ಕೂ ಒಂದು ಇಡು ಅಂದಳು. ಅಗೇಲಿಗೆ ಹೋಗುವ ಗಿರಾಕಿಗೆ ಹೆಸರು ಯಾಕೆ? ನಾನು ಇಡುವುದಿಲ್ಲ.

೨೪ ಜೂನ್

ಎಂಜಲು ಹಾಕಬಾರದು ಎಂಬ ಕಾನೂನಿನ ಅರ್ಥ ಈಗ ತಿಳಿಯಿತು. ತಟ್ಟೆಯಲ್ಲಿ ಉಳಿದ ಅನ್ನ ಇಲ್ಲ, ಚಾಯದ ಜೊತೆ ಉಳಿದ ದೋಸೆ ಇಲ್ಲ. ಹುಂಜ ಸಾಹೇಬರಿಗೆ ತಾಜಾ ಮಾಲು ಆಗಬೇಕು. ಅಜ್ಜಿಯ ಬಸಳೆ ಚಪ್ಪರದಿಂದ ನಾಲ್ಕು ಎಲೆ ಕೊಯ್ದೆ. ಅಜ್ಜಿಗೆ ಎಂಬತ್ತರ ಹತ್ತಿರ, ಕಣ್ಣು ಮಂಜು. ಚಪ್ಪರದಲ್ಲಿ ನಾಲ್ಕು ಎಲೆ ಕಮ್ಮಿಯಾದದ್ದು ಮಾತ್ರ ಒಳಗೆ ಕುಳಿತಲ್ಲೇ ಕಾಣುತ್ತದೆ. ಮಧ್ಯಾಹ್ನದಿಂದ ಸಂಜೆಯವರೆಗೆ ನನ್ನ ಜಾತಕ ಓದಿದಳು. ಅವಳು ಬೈದದ್ದು ತುಳುವಿನಲ್ಲಿ. ಅದನ್ನು ಶಾಲೆಯಲ್ಲಿ ಕಲಿತ ಕನ್ನಡಕ್ಕೆ ತಿರುಗಿಸಿದರೆ ಅದರ ಖಾರವೆಲ್ಲ ಹೋಗುತ್ತದೆ, ಹಾಗಾಗಿ ಬರೆಯುವುದಿಲ್ಲ.

ಬಾವಿಕಟ್ಟೆಯ ಪಕ್ಕದ ಜಾಗ ಅಗೆದು ನನ್ನದೇ ಒಂದು ತರಕಾರಿ ಏರಿ ಮಾಡಿದೆ. ಹರಿವೆ ಬೀಜ ಹಾಕಿದೆ, ನಾಲ್ಕು ಮುಳ್ಳುಸೌತೆ ಬೀಜವನ್ನೂ ಊರಿದೆ. ಕೃಷಿಯ ಹುಚ್ಚು ಹಿಡಿದು ಅಲ್ಲ. ಅಜ್ಜಿಯ ಬಾಯಿಗೆ ಬೀಳುವುದಕ್ಕಿಂತ ಮಣ್ಣಿಗೆ ಬೀಳುವುದು ಸುಲಭ.

೮ ಜುಲೈ

ಹಳೆಯ ತೆಂಗಿನ ಮಡಲಿನ ತಟ್ಟಿಯನ್ನು ಮಗುಚಿದಾಗ ಅಡಿಯಲ್ಲಿ ಗೆದ್ದಲು ಹಿಡಿದಿತ್ತು. ಹೇಂಟೆಗಳು ಬಿದ್ದುಕೊಂಡು ತಿಂದವು. ಹುಂಜ ದೂರ ನಿಂತಿತು. ಒಂದು ತುಂಡನ್ನು ಕೈಯಲ್ಲಿ ಹಿಡಿದು ಕುಕ್ಕರಗಾಲಲ್ಲಿ ಕುಳಿತೆ. ಯಾಕೆ ಕುಳಿತೆ ಗೊತ್ತಿಲ್ಲ, ಬೇರೆ ಕೆಲಸ ಇರಲಿಲ್ಲ. ಅರ್ಧ ಗಂಟೆ ಹಿಡಿಯಿತು. ಕೊನೆಗೆ ಬಂದು, ಒಂದು ಕಣ್ಣಿನಲ್ಲಿ ನನ್ನನ್ನು, ಇನ್ನೊಂದರಲ್ಲಿ ಗೆದ್ದಲನ್ನು ನೋಡಿ, ಕೈಯಿಂದಲೇ ಕುಕ್ಕಿ ತಿಂದಿತು.

ಇಪ್ಪತ್ತೆರಡು ವರ್ಷದ ಗಂಡಸು, ಎಸ್ಸೆಸ್ಸೆಲ್ಸಿ ಪಾಸು, ಕೋಳಿಯೊಂದು ಕೈಯಿಂದ ತಿಂದದ್ದನ್ನು ಡೈರಿಯಲ್ಲಿ ಬರೆಯುತ್ತಿದ್ದಾನೆ. ಇದನ್ನು ಯಾರಾದರೂ ಓದಿದರೆ ನಾನು ಊರು ಬಿಡಬೇಕು. ಹೇಗೂ ಬಿಡಬೇಕು ಎಂದೇ ಇದ್ದೇನೆ.

೧೧ ಜುಲೈ

ಮಳೆ. ಬಸ್ಸು ಇಲ್ಲ. ಕೋಳಿಗಳಿಗೆ ಹರಿವೆ.

೨೯ ಜುಲೈ, ಭಾನುವಾರ

ಅದ್ದು ಬಂದಿದ್ದ. ಕುಂಬ್ರದ ಕಟ್ಟೆಯಲ್ಲಿ ನನ್ನ ಪಕ್ಕದ ಸೀಟು ಅವನದ್ದು. ಅವನಲ್ಲೂ ಬ್ಯಾಡ್ಜ್ ಇದೆ, ಅವನಿಗೂ ಧಣಿಗಳು 'ನೋಡುವ' ಎಂದಿದ್ದಾರೆ. ವ್ಯತ್ಯಾಸ ಏನೆಂದರೆ ಅವನಿಗಾಗಿ ಯಾವ ಹುಂಜವನ್ನೂ ಯಾರೂ ಹೇಳಿಕೊಂಡಿಲ್ಲ.

ನಾನು ಮುಳ್ಳುಸೌತೆಯನ್ನು ಸಣ್ಣಗೆ ಹೆಚ್ಚುತ್ತಿದ್ದೆ. ನನ್ನ ಏರಿಯ ಮೊದಲ ಮಿಡಿ.

"ಎಂತ ಮಾರಾಯ, ಕೋಳಿಗೆ ಕೋಸಂಬರಿಯಾ? ನನ್ನ ಮದುವೆಗೆ ಅಡಿಗೆಗೆ ನೀನೇ ಬಾ."

ಇಡಿಯಾಗಿ ಹಾಕಿದರೆ ತಿನ್ನಲು ಕಷ್ಟವಾಗುತ್ತದೆ ಎಂದು ಹೇಳಿದೆ. ಹೇಳಿದ ಮೇಲೆ ನನಗೇ ನಾಚಿಕೆಯಾಯಿತು.

ಹುಂಜ ಬಂದು ಅದ್ದುವಿನ ಚಪ್ಪಲಿ, ಲುಂಗಿಯ ಅಂಚು, ಕೈಗಡಿಯಾರ ಎಲ್ಲವನ್ನೂ ಒಂದೊಂದಾಗಿ ಪರೀಕ್ಷೆ ಮಾಡಿ, ಕೊನೆಗೆ ಅವನ ಕಿಸೆಯಲ್ಲಿದ್ದ ಹಳೆಯ ಬಸ್ ಟಿಕೇಟನ್ನು ಎಳೆದು ಹೊರಗೆ ಹಾಕಿತು. ಅದ್ದು ಎದ್ದು ನಿಂತು, "ಇದು ಹುಂಜ ಅಲ್ಲ, ಬಸ್ಸಿನ ಚೆಕ್ಕಿಂಗ್" ಅಂದ. ಸೀತು ಕೇಳಿಸಿಕೊಂಡಳು. ಹಾಗೆ ಅದಕ್ಕೆ ಹೆಸರಾಯಿತು. ನಾನು ಇಟ್ಟದ್ದಲ್ಲ.

೨೧ ಆಗಸ್ಟ್

ಧಣಿಗಳು ಹತ್ತು ಗಂಟೆಗೆ ಪುತ್ತೂರಿಗೆ ಬರಲು ಹೇಳಿಕಳಿಸಿದ್ದರು. ನಾನು ಒಗೆದ ಅಂಗಿ ಹಾಕಿ, ತಲೆಗೆ ಎಣ್ಣೆ ಹಚ್ಚಿ, ಒಂಬತ್ತಕ್ಕೆ ಹೊರಟವನೇ. ಅಂಗಳ ದಾಟುವಾಗ ಗಿಡುಗ ಇಳಿಯಿತು. ಹೇಂಟೆಗಳು ಮೂರೂ ಬುಟ್ಟಿಯ ಅಡಿಗೆ ನುಗ್ಗಿದವು. ಚೆಕ್ಕಿಂಗ್ ಮಾತ್ರ ಅಂಗಳದ ನಡುವೆ ನಿಂತು ಎದೆ ಉಬ್ಬಿಸಿ ಆಕಾಶಕ್ಕೆ ಬೈಯುತ್ತಿತ್ತು. ಧೈರ್ಯ ಅಲ್ಲ, ತಿಳುವಳಿಕೆ ಇಲ್ಲದಿರುವುದು. ನಾನು ಕೊಡೆ ಬಿಚ್ಚಿಕೊಂಡು ಓಡಿದೆ. ಗಿಡುಗ ಹೋಯಿತು. ಕೊಡೆಯ ಎರಡು ಕಡ್ಡಿ ಹೋಯಿತು. ಅಂಗಿಯ ತುಂಬ ಕೆಸರು.

ಗಿಡುಗ ಇನ್ನೊಮ್ಮೆ ಬರಬಹುದೆಂದು ಹಲಸಿನ ಬುಡದಲ್ಲಿ ಸ್ವಲ್ಪ ಹೊತ್ತು ಕಾದೆ. ಸ್ವಲ್ಪ ಹೊತ್ತು ಅಂದರೆ ಹನ್ನೊಂದೂವರೆ.

ಧಣಿಗಳಿಗೆ ಜ್ವರ ಎಂದು ಹೇಳಿಕಳಿಸಿದ್ದೇನೆ. ನನಗೆ ಜ್ವರ ಎಂದು, ಹುಂಜಕ್ಕೆ ಅಲ್ಲ. ಹರಕೆಯ ಮಾಲು ಗಿಡುಗನ ಪಾಲಾದರೆ ದೈವಕ್ಕೆ ಉತ್ತರ ಹೇಳುವವರು ಯಾರು? ನಾನು ಕಾದದ್ದು ದೈವದ ಆಸ್ತಿ. ಅಮ್ಮ ಅಂಗಿಯನ್ನು ನೆನೆಹಾಕಿದಳು.

೯ ಸೆಪ್ಟೆಂಬರ್

ಚೆಕ್ಕಿಂಗ್ ಹಾಳಾಗಿದೆ. ಹಾಳು ಮಾಡಿದ್ದು ನಾನು ಎಂದು ಮನೆಯವರೆಲ್ಲ ಹೇಳುತ್ತಾರೆ. ಸೀತು ಇವತ್ತು ಅಂಗಳಕ್ಕೆ ಒಂದು ಹಿಡಿ ಬೆಳ್ತಿಗೆ ಅಕ್ಕಿ ಎಸೆದಳು. ಹೇಂಟೆಗಳು ನಿಮಿಷದಲ್ಲಿ ಖಾಲಿ ಮಾಡಿದವು. ಈ ಮಹಾರಾಜ ಅಕ್ಕಿಯನ್ನು ತುಳಿದುಕೊಂಡೇ ದಾಟಿ ಮುಳ್ಳುಸೌತೆಯ ಬಳ್ಳಿಯ ಹತ್ತಿರ ಹೋಗಿ ನಿಂತಿತು. ಹರಿವೆಯ ಕುಡಿ ಆಗುತ್ತದೆ, ಪಪ್ಪಾಯಿ ಹಣ್ಣು ಆಗುತ್ತದೆ, ತೊಂಡೆ ಹಣ್ಣಾದರೆ ಪ್ರಾಣ ಬಿಡುತ್ತದೆ. ಒಣ ಅಕ್ಕಿ ಕೆಳಗಿನ ವರ್ಗದವರಿಗೆ.

ಹೋದ ವಾರ ಅದು ತೂಕಡಿಸುತ್ತಾ ಕುಳಿತಾಗ ಅಜ್ಜಿ ಬೆಳ್ಳುಳ್ಳಿ, ಕಾಳುಮೆಣಸು ಜಜ್ಜಿ ಕೊಡಲು ಹೇಳಿದಳು. ಅಮ್ಮ ಕೊಟ್ಟಳು, ಮುಖ ತಿರುಗಿಸಿತು. ಸೀತು ಕೊಟ್ಟಳು, ಓಡಿತು. ನಾನು ಅಂಗೈಯಲ್ಲಿ ಇಟ್ಟುಕೊಂಡು 'ಬಾ… ಬಾ ಬಾ ಬಾ' ಎಂದೆ. ಬಂದು ಒಂದು ಚೂರೂ ಬಿಡದೆ ತಿಂದಿತು. ತಿನ್ನುವಾಗ ಖಾರಕ್ಕೆ ತಲೆ ಕೊಡವುತ್ತಿತ್ತು. ಆದರೂ ತಿಂದಿತು. ನಾನು ಕರೆದು ಕೊಟ್ಟರೆ ವಿಷವನ್ನೂ ತಿನ್ನುತ್ತದೆ. ಅಷ್ಟು ಬುದ್ಧಿ ಇಲ್ಲದ ಪ್ರಾಣಿ.

೨೮ ಅಕ್ಟೋಬರ್, ಭಾನುವಾರ

ಕೆಲಸ ಆಯಿತು.

ದೀಪಾವಳಿ ಕಳೆದ ಮೇಲೆ ಬಸ್ಸಿನ ಹಳೆಯ ಕಂಡಕ್ಟರ್ ಮಸ್ಕತ್‌ಗೆ ಹೊರಟಿದ್ದಾನೆ. ಧಣಿಗಳು ನೋಡಿ ಮುಗಿಸಿದರು. ನವೆಂಬರ್ ಇಪ್ಪತ್ತೆರಡು, ಗುರುವಾರ, ಬೆಳಗ್ಗಿನ ಮೊದಲ ಟ್ರಿಪ್ಪಿಗೆ ಕುಂಬ್ರದಲ್ಲೇ ಹತ್ತಬೇಕು. ಸುದ್ದಿ ತಂದದ್ದು ಅದ್ದು. ನಾನು ಇಲ್ಲದಿದ್ದರೆ ಅದು ಅವನಿಗೇ ಸಿಗುತ್ತಿತ್ತು. ಆದರೂ ಓಡಿಕೊಂಡು ಬಂದು ಹೇಳಿದ. ಇಂಥವರನ್ನು ನಂಬಬಾರದು, ಮನಸ್ಸಿಗೆ ಕಿರಿಕಿರಿ ಮಾಡುತ್ತಾರೆ.

ಸಂತೋಷ. ತುಂಬಾ ಸಂತೋಷ. ಇನ್ನು ಬಾಗಿಲಲ್ಲಿ ನೇತಾಡಿಕೊಂಡು ಸೀಟಿ ಊದುವುದು, ಕಾವು, ಜಾಲ್ಸೂರು, ಸುಳ್ಯ ಎಂದು ಕೂಗುವುದು. ಸಂತೋಷವೇ.

ಅಮ್ಮ ಸುದ್ದಿ ಕೇಳಿದವಳೇ ಸೀರೆ ಬದಲಿಸಿ ಮಾವನ ಮನೆಗೆ ಹೋದಳು. ಅಗೇಲಿಗೆ ದಿನ ಹಿಡಿದು ಬಂದಳು. ಇಪ್ಪತ್ತನೇ ತಾರೀಕು, ಮಂಗಳವಾರ, ಮುಸ್ಸಂಜೆಗೆ. ಹರಕೆ ತೀರಿಸದೆ ನಾನು ಬಸ್ಸಿನ ಮೆಟ್ಟಿಲಿಗೆ ಕಾಲಿಡಬಾರದಂತೆ.

ಚೆಕ್ಕಿಂಗ್‌ನ ಎಡಗಾಲಿನ ನಡುವಿನ ಉಗುರು ಸ್ವಲ್ಪ ಸೊಟ್ಟ ಇರುವ ಹಾಗೆ ಕಾಣುತ್ತದೆ. ಇದು ಊನ ಎಂದು ಲೆಕ್ಕವೋ ಅಲ್ಲವೋ ಕೇಳಬೇಕು. ಸುಮ್ಮನೆ, ತಿಳಿದುಕೊಳ್ಳಲು. ನಾಳೆ ದೈವದ ಮುಂದೆ ಮರ್ಯಾದೆ ಹೋಗಬಾರದಲ್ಲ.

೪ ನವೆಂಬರ್, ಭಾನುವಾರ

ಮಾವನ ಮನೆಗೆ ಹೋಗಿದ್ದೆ. ಮಾವ ಕುಟುಂಬದ ಹಿರಿಯರು, ಅಗೇಲು ಬಡಿಸುವವರು ಅವರೇ. ಎಲೆಯಡಿಕೆ ತಿನ್ನುತ್ತಾ ಜಗಲಿಯಲ್ಲಿ ಕುಳಿತಿದ್ದರು. ಉಗುರಿನ ವಿಷಯ ಹೇಳಿದೆ. ನಡೆಯುತ್ತದಲ್ಲ, ಮತ್ತೆಂತ ಎಂದರು. ರೆಕ್ಕೆಯ ಅಡಿಯಲ್ಲಿ ಒಂದು ಗರಿ ಬಿಳಿ ಇದೆ ಎಂದೆ. ನಿನ್ನೆ ಇಡೀ ಸಂಜೆ ಹುಡುಕಿದ್ದಕ್ಕೆ ಸಿಕ್ಕಿದ್ದು ಅದು. ಮಾವ ಎದ್ದು ಹೋಗಿ ಎಲೆ ಉಗಿದು ಬಂದರು.

"ಪರೀಕ್ಷೆಗೆ ಇಷ್ಟು ಹುಡುಕಿ ಓದಿದ್ರೆ ಒಂದೇ ಸಲಕ್ಕೆ ಪಾಸಾಗ್ತಿದ್ದಿ."

ಎಳನೀರು, ತೆಂಗಿನಕಾಯಿ ಒಪ್ಪಿಸಿದರೆ ನಡೆಯುವುದಿಲ್ಲವೇ ಎಂದು ಕೇಳಿದೆ. ಹುಂಜ ಎಂದು ಹೇಳಿಕೊಂಡ ಮೇಲೆ ಹುಂಜವೇ, ದೈವದ ಹತ್ತಿರ ಚೌಕಾಶಿ ಇಲ್ಲ ಎಂದರು. ಒಂದೇ ಒಂದು ದಾರಿ ಇರುವುದಂತೆ. ಒಪ್ಪಿಸುವ ಮೊದಲು ಹುಂಜದ ಕಾಲು ತೊಳೆದು ಅದರ ಮುಂದೆ ಬಾಳೆಲೆಯಲ್ಲಿ ಅಕ್ಕಿ ಇಡುತ್ತಾರೆ. ಅದು ಹೆಕ್ಕಿದರೆ ದೈವ ಒಪ್ಪಿತು. ಮೂರು ಸಲ ಇಟ್ಟರೂ ಹೆಕ್ಕದಿದ್ದರೆ ದೈವಕ್ಕೆ ಬೇಡ. ಬೇಡವಾದದ್ದನ್ನು ಮತ್ತೆ ಕೊಲ್ಲುವ ಹಾಗಿಲ್ಲ, ಮಾರುವ ಹಾಗಿಲ್ಲ. ಹರಕೆಯೂ ತೀರಿದ ಹಾಗಲ್ಲ, ಬರುವ ವರ್ಷದವರೆಗೆ ಕಾಯಬೇಕು.

"ಹೆಕ್ಕದೆ ಇದ್ದದ್ದು ಉಂಟಾ ಮಾವ?"

"ನನಗೆ ಅರುವತ್ತಾಯ್ತು. ಕೋಳಿ ಅಕ್ಕಿ ಬೇಡ ಹೇಳಿದ್ದು ನಾನು ನೋಡಿಲ್ಲ."

ಮಾವ ನಮ್ಮ ಮನೆಗೆ ಬಾರದೆ ಐದು ತಿಂಗಳಾಯಿತು. ಚೆಕ್ಕಿಂಗ್ ಊಟ ಮಾಡುವುದನ್ನು ಅವರು ನೋಡಿಲ್ಲ.

೧೨ ನವೆಂಬರ್

ಖಾಕಿ ಅಂಗಿ ಹೊಲಿದು ಬಂತು. ಹಾಕಿ ನೋಡಿದೆ. ಕುತ್ತಿಗೆಯ ಹತ್ತಿರ ತುರಿಸುತ್ತದೆ. ಚೆಕ್ಕಿಂಗ್ ಬಂದು ಗುಂಡಿಗಳನ್ನು ಒಂದೊಂದಾಗಿ ಪರೀಕ್ಷಿಸಿತು. ನಾನು ಎಂದು ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು.

೧೯ ನವೆಂಬರ್

ಬರೆಯಲು ಏನೂ ಇಲ್ಲ.

೨೦ ನವೆಂಬರ್, ಬೆಳಿಗ್ಗೆ

ಎರಡನೇ ಸಲ ಊರಿದ ಬಳ್ಳಿಯಲ್ಲಿ ಮೂರು ಮುಳ್ಳುಸೌತೆ ಇತ್ತು. ಹೇಗೂ ಗುರುವಾರದಿಂದ ನಾನು ಇರುವುದಿಲ್ಲ, ಸುಮ್ಮನೆ ಬಲಿತು ಹಾಳಾಗುತ್ತದೆ. ಮೂರನ್ನೂ ಹೆಚ್ಚಿ ಹಾಕಿದೆ. ಎರಡು ತೊಂಡೆ ಹಣ್ಣೂ ಇತ್ತು. ಉಳಿದದ್ದನ್ನು ಮುಗಿಸಿದೆ, ಅಷ್ಟೇ. ಇದರಲ್ಲಿ ಬೇರೆ ಉದ್ದೇಶ ಹುಡುಕುವವರು ಹುಡುಕಲಿ.

೨೧ ನವೆಂಬರ್, ಬುಧವಾರ

ನಿನ್ನೆಯದನ್ನು ಬರೆಯುತ್ತೇನೆ.

ಬುಟ್ಟಿಯನ್ನು ತಲೆಯ ಮೇಲೆ ಇಟ್ಟುಕೊಂಡು ನಾನೇ ಹೋದೆ. ಹೇಳಿಕೊಂಡದ್ದು ಯಾರಿಗಾಗಿಯೋ ಅವನೇ ಹೊತ್ತು ತರಬೇಕಂತೆ. ದಾರಿಯುದ್ದಕ್ಕೂ ಒಳಗಿನಿಂದ ಗೊಣಗುತ್ತಿತ್ತು, ಟಿಕೇಟು ಇಲ್ಲದೆ ಹತ್ತಿಸಿದ ಹಾಗೆ. ಅಮ್ಮ ಹಿಂದೆ, ಅಜ್ಜಿಯ ಕೈ ಹಿಡಿದುಕೊಂಡು ಸೀತು ಅವಳ ಹಿಂದೆ. ನಮ್ಮ ಮನೆಯವರು ಇಷ್ಟು ದೂರ ಜಗಳವಾಡದೆ ನಡೆದದ್ದು ಇದೇ ಮೊದಲು.

ದೈವದ ಗುಡಿಯ ಮುಂದೆ ಮಾವ ದೀಪ ಹಚ್ಚಿದ್ದರು. ಅವರ ಕಡೆಯ ಎರಡು ಹುಂಜಗಳದ್ದು ಮೊದಲು ಆಯಿತು. ಅವು ಅಕ್ಕಿಯನ್ನು ಕಂಡದ್ದೇ ತಡ, ಎಲೆ ಹರಿಯುವ ಹಾಗೆ ಕುಕ್ಕಿದವು. ಹಸಿದ ಮನೆಯಿಂದ ಬಂದವು.

ಆಮೇಲೆ ನಮ್ಮದು. ಮಾವ ಕಾಲು ತೊಳೆದು ನೆಲಕ್ಕೆ ಬಿಟ್ಟರು. ಚೆಕ್ಕಿಂಗ್ ಎಲೆಯನ್ನು ನೋಡಿತು, ದೀಪವನ್ನು ನೋಡಿತು, ನಿಂತವರನ್ನೆಲ್ಲ ಸಾಲಾಗಿ ನೋಡಿತು. ಅಕ್ಕಿಯನ್ನು ತುಳಿದುಕೊಂಡು ನನ್ನ ಹತ್ತಿರ ಬಂದು ಕಾಲಿನ ಹೆಬ್ಬೆರಳಿನ ಉಗುರನ್ನು ಕುಕ್ಕಿತು.

ಮಾವ ಹಿಡಿದು ಹಿಂದೆ ಇಟ್ಟರು. ತಲೆಯನ್ನು ಮೆಲ್ಲಗೆ ಎಲೆಯ ಕಡೆ ತಿರುಗಿಸಿದರು. ಅದು ಕಣ್ಣು ಮುಚ್ಚಿತು. ಮತ್ತೆ ನನ್ನ ಹತ್ತಿರ ಬಂತು.

ಎರಡು ಆಯಿತು. ಹಿಂದೆ ನಿಂತಿದ್ದವರು ಪಿಸುಗುಟ್ಟಲು ಶುರು ಮಾಡಿದರು. ಅಮ್ಮನ ಮುಖ ನೋಡಲಿಲ್ಲ. ಮಾವ ಬೆವರು ಒರೆಸಿಕೊಂಡು ನನ್ನ ಕಡೆ ತಿರುಗಿದರು. ಸೀತು ಯಾವಾಗಲೋ ಬೆಳ್ಳುಳ್ಳಿಯ ಕಥೆಯನ್ನು ಅವರಿಗೆ ಹೇಳಿದ್ದಳಂತೆ. ಆ ಹುಡುಗಿಯ ಬಾಯಿಗೆ ಬೀಗ ಹಾಕಬೇಕು.

"ಮಹಾಬಲ, ನೀನು ಕರೆ. ನೀನು ಕರೆದ್ರೆ ಎಂತದೂ ತಿಂತದಂತಲ್ಲ."

ಅಕ್ಕಿಯನ್ನು ನನ್ನ ಅಂಗೈಗೆ ಹಾಕಿದರು. ಹತ್ತಿಪ್ಪತ್ತು ಕಾಳು. ಚೆಕ್ಕಿಂಗ್ ಕೈಯನ್ನು ನೋಡಿತು. ಆಮೇಲೆ ನನ್ನ ಬಾಯಿಯನ್ನು ನೋಡಿತು. ಕರೆಯಲಿ ಎಂದು ಕಾಯುತ್ತಿತ್ತು. ಕತ್ತು ಉದ್ದ ಮಾಡಿ, ಒಂದು ಕಾಲು ಮೇಲೆತ್ತಿ, ಕಾಯುತ್ತಿತ್ತು.

"ಗಂಟಲು ಕಟ್ಟಿದೆ ಮಾವ" ಅಂದೆ.

"ಈಗ ಮಾತಾಡಿದಿಯಲ್ಲ?"

"ಈಗಲೇ ಕಟ್ಟಿದ್ದು."

ನಾನು ಕೆಮ್ಮಿ ತೋರಿಸಿದೆ. ಕೈ ಕೆಳಗೆ ಹೋಯಿತು, ಅಕ್ಕಿ ನೆಲಕ್ಕೆ ಬಿತ್ತು. ಚೆಕ್ಕಿಂಗ್ ಬಿದ್ದ ಅಕ್ಕಿಯ ಮೇಲೆಯೇ ಕುಳಿತು ಗರಿ ಸರಿ ಮಾಡಿಕೊಂಡಿತು. ಮಾವ ದೈವದ ಕಡೆ ತಿರುಗಿ ಕೈಮುಗಿದು, ಬೇಡದ್ದನ್ನು ತಂದೆವು, ತಪ್ಪಾಯಿತು, ಮಕ್ಕಳ ಮೇಲೆ ಸಿಟ್ಟು ಇಟ್ಟುಕೊಳ್ಳಬೇಡ ಎಂದರು. ಅಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು.

ಆಮೇಲೆ ಮಾವನ ಹುಂಜಗಳ ಸಾರು, ರೊಟ್ಟಿ. ಎರಡು ಸಲ ಹಾಕಿಸಿಕೊಂಡು ತಿಂದೆ. ನಾನು ಮಾಂಸ ಬಿಟ್ಟಿಲ್ಲ ಎಂಬುದು ಇಲ್ಲಿ ದಾಖಲಾಗಿರಲಿ. ಗಂಟಲು ಕಟ್ಟಿದವನು ಇಷ್ಟು ತಿನ್ನುತ್ತಾನಾ ಎಂದು ಯಾರೋ ಕೇಳಿದರು.

ಬರುವಾಗಲೂ ಬುಟ್ಟಿ ನನ್ನ ತಲೆಯ ಮೇಲೆಯೇ. ಹೋದಾಗಿನಷ್ಟೇ ಭಾರ ಇತ್ತು. ಮನೆಯಲ್ಲಿ ಅಮ್ಮ ಒಂದೇ ಮಾತು ಹೇಳಿದಳು.

"ಹರಕೆ ತೀರುವವರೆಗೆ ಆ ಬಸ್ಸಿಗೆ ಹತ್ತುದು ಬೇಡ."

ಮಳೆಗೆ ಹೊರಗೆ ಹೋಗಬೇಡ ಎಂದರೆ ಹೋದವನು, ಸಿನೆಮಾ ಬೇಡ ಎಂದರೆ ಎರಡು ನೋಡಿದವನು, ಇದಕ್ಕೆ ಮಾತ್ರ ಆಯಿತು ಎಂದೆ. ನಾನು ಇಷ್ಟು ವಿಧೇಯ ಮಗ ಯಾವಾಗ ಆದೆನೋ ಗೊತ್ತಿಲ್ಲ.

ಇವತ್ತು ಬೆಳಿಗ್ಗೆ ಅಮ್ಮ ಒಂದು ಲೋಟ ಕಷಾಯ ತಂದಿಟ್ಟಳು. ಶುಂಠಿ, ಕಾಳುಮೆಣಸು. ಗಂಟಲಿಗೆ.

ಸಂಜೆ ಅದ್ದು ಬಂದ. ಅವನಿಗೆ ಸುದ್ದಿ ಗೊತ್ತಾಗಿತ್ತು. ಅಂಗಳದ ಬದಿಯಲ್ಲೇ ನಿಂತ, ಕುಳಿತುಕೊ ಎಂದರೂ ಕುಳಿತುಕೊಳ್ಳಲಿಲ್ಲ.

"ನಾಳೆ ನೀನು ಬರುದಿಲ್ವಾ?"

"ಇಲ್ಲ."

"ಹಾಗಾದ್ರೆ… ನಾನು ಹತ್ತಲಾ ಮಾರಾಯ? ನೀನು ಬೇಡ ಹೇಳಿದ್ರೆ ಹತ್ತುದಿಲ್ಲ."

ಹತ್ತು ಎಂದೆ. ಒಳಗೆ ಹೋಗಿ ಖಾಕಿ ಅಂಗಿ ತಂದು ಕೊಟ್ಟೆ. ಕುತ್ತಿಗೆಯ ಹತ್ತಿರ ತುರಿಸುತ್ತದೆ, ಒಂದು ಸಲ ಒಗೆದು ಹಾಕು ಎಂದೂ ಹೇಳಿದೆ.

೨೨ ನವೆಂಬರ್

ಬಸ್ಸು ಹೋಯಿತು. ಏಳು ಹದಿನೈದಕ್ಕೆ ಅದ್ದುವಿನ ಸೀಟಿ ಇಲ್ಲಿಗೂ ಕೇಳಿಸಿತು. ಊದಲು ಬರುವುದಿಲ್ಲ ಅವನಿಗೆ. ನಾನಾದರೆ ಇನ್ನೂ ಉದ್ದ ಊದುತ್ತಿದ್ದೆ.

ಈ ಮನೆಯಲ್ಲಿ ಒಬ್ಬರಿಗೆ ಖಾಯಂ ಕೆಲಸ ಆಯಿತು. ಕೊಲ್ಲುವ ಹಾಗಿಲ್ಲ, ಮಾರುವ ಹಾಗಿಲ್ಲ, ಊಟ ತಿಂಡಿ ಮನೆಯವರದ್ದು. ಅವರು ಈಗ ಬಾವಿಕಟ್ಟೆಯ ಮೇಲೆ ನಿಂತು ಕೂಗುತ್ತಿದ್ದಾರೆ.

ಕಷಾಯ. ಇವತ್ತು ಆಡುಸೋಗೆಯನ್ನೂ ಹಾಕಿದ್ದಾಳೆ.

೨೫ ನವೆಂಬರ್, ಭಾನುವಾರ

ತನಿಖೆ ಮುಗಿಯಿತು.

ಮಧ್ಯಾಹ್ನ ಊಟದ ಹೊತ್ತಿಗೆ ಸೀತು ಅಳಲು ಶುರು ಮಾಡಿದಳು. ಅಣ್ಣನ ಕೆಲಸ ಹೋದದ್ದು ತನ್ನಿಂದ ಎಂದಳು. ಮಂಗಳವಾರ ಮಧ್ಯಾಹ್ನ, ಇನ್ನು ಸಿಗುವುದಿಲ್ಲವಲ್ಲ ಎಂದು ಚೆಕ್ಕಿಂಗ್‌ಗೆ ಒಂದಿಡೀ ಪೇರಳೆ ಹಣ್ಣು ತಿನ್ನಿಸಿದ್ದಳಂತೆ. ಅಜ್ಜಿ ಅನ್ನ ಕಲಸುತ್ತಿದ್ದ ಕೈಯನ್ನು ನಿಲ್ಲಿಸಿ, ತಾನು ಬಸಳೆಯ ಕುಡಿ ಕೊಟ್ಟಿದ್ದೆ ಎಂದಳು. ನಾನು ನಾಲ್ಕು ಎಲೆ ಕೊಯ್ದದ್ದಕ್ಕೆ ಸಂಜೆಯವರೆಗೆ ಬೈದ ಅದೇ ಚಪ್ಪರದ ಕುಡಿ. ಹೋಗುವವರನ್ನು ಖಾಲಿ ಹೊಟ್ಟೆಯಲ್ಲಿ ಕಳಿಸುವ ಮನೆಯಾ ನಮ್ಮದು ಎಂದು ಎಲ್ಲರನ್ನೂ ಕೇಳಿದಳು, ನಾವೇ ಹಾಗೆ ಹೇಳಿದವರ ಹಾಗೆ.

ಎಲ್ಲರೂ ಅಮ್ಮನನ್ನು ನೋಡಿದೆವು. ಅವಳು ಸಾರು ಬಡಿಸುತ್ತಿದ್ದಳು.

"ಕಾಯಿತುರಿ" ಅಂದಳು. "ಸ್ವಲ್ಪ ಬೆಲ್ಲ ಹಾಕಿ."

ಅಂದರೆ ದೈವದ ಎದುರಿಗೆ ಹೋಗಿ ನಿಂತಾಗ ಆ ಪ್ರಾಣಿಯ ಹೊಟ್ಟೆಯಲ್ಲಿ ಮೂರು ಮುಳ್ಳುಸೌತೆ, ಎರಡು ತೊಂಡೆ ಹಣ್ಣು, ಒಂದು ಪೇರಳೆ, ಬಸಳೆ, ಬೆಲ್ಲ ಹಾಕಿದ ಕಾಯಿತುರಿ. ಮದುವೆಮನೆಯಿಂದ ಬಂದವನಿಗೆ ಗಂಜಿ ಬಡಿಸಿ, ಯಾಕೆ ಉಣ್ಣುವುದಿಲ್ಲ ಎಂದು ಊರೆಲ್ಲ ನಿಂತು ನೋಡಿದ ಹಾಗಾಯಿತು. ಪಾಪ ಮಾವ, ದೈವಕ್ಕೆ ತಪ್ಪಾಯಿತು ಎಂದು ಕೈಮುಗಿದರು.

ಇದನ್ನು ಮಾವನಿಗೆ ಹೇಳಬಾರದು ಎಂದು ನಾಲ್ವರೂ ಒಪ್ಪಿದೆವು. ಮನೆಯಲ್ಲಿ ನಾಲ್ವರೂ ಒಂದು ವಿಷಯವನ್ನು ಒಪ್ಪಿದ್ದು ನಾನು ಹುಟ್ಟಿದ ಮೇಲೆ ಇದೇ ಮೊದಲು. ಸೀತು ಕಣ್ಣು ಒರೆಸಿಕೊಂಡು, ಹಾಗಾದರೆ ಯಾರ ತಪ್ಪೂ ಅಲ್ಲ, ಹೊಟ್ಟೆ ತುಂಬಿತ್ತು, ಅಷ್ಟೇ ಎಂದಳು.

ಹೌದು, ಅಷ್ಟೇ ಎಂದೆ. ಅಮ್ಮ ನನ್ನ ಕಡೆ ನೋಡಿದಳು. ಊಟವಾದ ಮೇಲೆ ಕಷಾಯ ಬಂತು. ಕಿರಾತಕಡ್ಡಿ. ಇದಕ್ಕಿಂತ ಕಹಿಯಾದದ್ದು ಈ ತಾಲೂಕಿನಲ್ಲಿ ಬೆಳೆಯುವುದಿಲ್ಲ. ಗಂಟಲು ಈಗ ಪರವಾಗಿಲ್ಲ ಎಂದೆ. ಪೂರ್ತಿ ಹೋಗಬೇಕಲ್ಲ ಎಂದಳು.

೨೮ ನವೆಂಬರ್

ಕಿರಾತಕಡ್ಡಿ.

೩೦ ನವೆಂಬರ್

ಕಿರಾತಕಡ್ಡಿ, ಎರಡು ಹೊತ್ತು. ಹರಿವೆಯ ಏರಿಯನ್ನು ಹಲಸಿನ ಮರದವರೆಗೆ ಉದ್ದ ಮಾಡಿದೆ.

೨ ಡಿಸೆಂಬರ್, ಭಾನುವಾರ

ಒಂದು ವಿಷಯ ತಲೆಯಲ್ಲಿ ಕುಳಿತಿತ್ತು. ಹೊಟ್ಟೆ ತುಂಬಿದ್ದಕ್ಕೆ ಹೆಕ್ಕಲಿಲ್ಲ ಎಂದು ಮನೆಯವರೆಲ್ಲ ನೆಮ್ಮದಿಯಾಗಿದ್ದಾರೆ. ಇರಬಹುದು. ಹೊಟ್ಟೆ ತುಂಬಿದ ಕೋಳಿ ಯಾರು ಕರೆದರೂ ತಿನ್ನುವುದಿಲ್ಲ. ಇದನ್ನು ಒಮ್ಮೆ ನೋಡಿಯೇ ಬಿಡುವ ಎಂದು ಇವತ್ತು ಬೆಳಿಗ್ಗೆ ಅದಕ್ಕೆ ಮುಳ್ಳುಸೌತೆ, ಪಪ್ಪಾಯಿ, ಹರಿವೆ, ಎಲ್ಲವನ್ನೂ ಸಾಕೆನ್ನುವಷ್ಟು ಹಾಕಿದೆ. ಕುತ್ತಿಗೆಯ ಬುಡದ ಚೀಲ ಚೆಂಡಿನ ಹಾಗೆ ಗಟ್ಟಿಯಾಯಿತು. ಹಲಸಿನ ಬುಡದಲ್ಲಿ ಹೋಗಿ ಮಲಗಿತು.

ಅಮ್ಮ ದನಕ್ಕೆ ಹುಲ್ಲು ಹಾಕಲು ಹೋಗಿದ್ದಳು, ಅಜ್ಜಿ ಒಳಗೆ. ಡಬ್ಬದಿಂದ ಬೆಳ್ತಿಗೆ ಅಕ್ಕಿ ತಂದು ಅಂಗೈಯಲ್ಲಿ ಹಾಕಿಕೊಂಡೆ. ಹತ್ತಿಪ್ಪತ್ತು ಕಾಳು, ಮಾವ ಕೊಟ್ಟಷ್ಟೇ. ಅಂಗಳದ ಈ ಕೊನೆಯಲ್ಲಿ ಕುಳಿತುಕೊಂಡು ಕರೆದೆ.

'ಬಾ… ಬಾ ಬಾ ಬಾ.'

ಎದ್ದು ಬಂತು. ಹೊಟ್ಟೆ ಭಾರಕ್ಕೆ ಓಡಲು ಆಗದೆ ಬಳುಕಿಕೊಂಡು ಬಂತು. ಅಂಗೈಯನ್ನು ನೋಡಿತು, ನನ್ನನ್ನು ನೋಡಿತು. ಹೆಕ್ಕಿತು. ಒಂದೊಂದೇ ಕಾಳು, ಖಾರದ ಮೆಣಸು ತಿಂದ ಹಾಗೆ ತಲೆ ಕೊಡವಿಕೊಂಡು, ಕೊನೆಯ ಕಾಳಿನವರೆಗೆ.

ಅದು ಮುಗಿಸುವವರೆಗೆ ಕೈ ಹಾಗೆಯೇ ಹಿಡಿದುಕೊಂಡಿದ್ದೆ. ಮುಗಿದ ಮೇಲೂ ಸ್ವಲ್ಪ ಹೊತ್ತು.

ತಲೆ ಎತ್ತಿದರೆ ಅಡಿಗೆಮನೆಯ ಹಿಂಬಾಗಿಲಲ್ಲಿ ಅಮ್ಮ ನಿಂತಿದ್ದಳು. ಕೈಯಲ್ಲಿ ಕಷಾಯದ ಲೋಟ. ಎಷ್ಟು ಹೊತ್ತಿನಿಂದ ನಿಂತಿದ್ದಳೋ ಗೊತ್ತಿಲ್ಲ. ನನ್ನ ಅಂಗೈಯನ್ನು ನೋಡಿದಳು. ಚೆಕ್ಕಿಂಗ್‌ನ ಕೊಕ್ಕಿಗೆ ಅಂಟಿದ್ದ ಅಕ್ಕಿಯ ನುಚ್ಚನ್ನು ನೋಡಿದಳು. ನಾನು ಕೆಮ್ಮಲು ನೋಡಿದೆ, ಬರಲಿಲ್ಲ.

ಅಮ್ಮ ಮೆಟ್ಟಿಲಿಳಿದು ಬಂದು ಲೋಟದಲ್ಲಿದ್ದದ್ದನ್ನು ನನ್ನ ಹರಿವೆಯ ಏರಿಯ ಬುಡಕ್ಕೆ ಚೆಲ್ಲಿದಳು.

"ಗಂಟಲು ಸರಿ ಆಯ್ತು ಕಾಣ್ತದೆ" ಅಂದು ಒಳಗೆ ಹೋದಳು.